ರೋಮ್ ಯಾಕೆ ನೆಲದೊಳಗಿದೆ, ನಂದಿ ದೇವಸ್ಥಾನ ಯಾಕಿಲ್ಲ

ಚಿಕ್ಕಬಳ್ಳಾಪುರದಲ್ಲಿ ಈಗ ಬೀದಿಗೊಂದು ಮನೆಯಲ್ಲಾದರೂ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಬೇಸಿಗೆ ಬಂತೆಂದರೆ ಅಪ್ಪ ಅಮ್ಮ ವೀಸಾ ಮಾಡಿಸಿಕೊಂಡು ಹೊರಡುತ್ತಾರೆ. ನಾನು ಕೆಲವು ವರ್ಷ ರೋಮ್‌ನಲ್ಲಿ ಸಂಸಾರ ಮಾಡಿ ಬಂದವಳು ಅಂತ ಗೊತ್ತಿರುವುದರಿಂದ ಅವರಲ್ಲಿ ಕೆಲವರು ನಮ್ಮ ಮನೆಗೂ ಬಂದು ವಿಚಾರಿಸುತ್ತಾರೆ. ಚಳಿ ಎಷ್ಟಿರುತ್ತೆ, ಅಕ್ಕಿ ಬೇಳೆ ಸಿಗುತ್ತಾ, ಇವೆಲ್ಲ ಮುಗಿದ ಮೇಲೆ ಕೊನೆಗೆ ಬರುವ ಪ್ರಶ್ನೆ ಒಂದೇ: "ಆ ಮುರುಕು ಕಲ್ಲುಗಳಲ್ಲಿ ನೋಡೋಕೆ ಅಂಥದ್ದೇನಿದೆ?"

ಕೇಳಬೇಕಾದ ಪ್ರಶ್ನೆಯೇ. ಸುಮ್ನೆ ಹೋಗಿ ನಿಂತರೆ ಹಳೇ ರೋಮ್‌ನ ಊರ ನಡುವಿನ ಚೌಕವಾಗಿದ್ದ ರೋಮನ್ ಫೋರಂ ಅಂದರೆ ಬಿಸಿಲಲ್ಲಿ ಒಂದಷ್ಟು ಕಂಬ, ಮಧ್ಯೆ ಹುಲ್ಲು, ಅಷ್ಟೇ. ಗೈಡು ಹೇಳುವ ಚಕ್ರವರ್ತಿಗಳ ಹೆಸರು ಸಂಜೆ ಹೊತ್ತಿಗೆ ಮರೆತುಹೋಗುತ್ತದೆ. ನನ್ನ ಪ್ರಕಾರ ಯಾರು ಕಟ್ಟಿದರು ಅಂತ ಕೇಳುವುದಕ್ಕಿಂತ ಆಮೇಲೆ ಯಾರು ಬಂದರು ಅಂತ ಕೇಳಿದರೆ ಜಾಸ್ತಿ ಅರ್ಥವಾಗುತ್ತದೆ. ಗಟ್ಟಿ ಕಟ್ಟಡ ತಾನಾಗಿ ಹಾಳಾಗುವುದು ಕಡಿಮೆ. ಯಾರೋ ಬಿಟ್ಟುಹೋಗಿರುತ್ತಾರೆ, ಯಾರೋ ಕಿತ್ತುಕೊಂಡಿರುತ್ತಾರೆ, ಯಾರೋ ಅದರಲ್ಲೇ ಸಂಸಾರ ಹೂಡಿರುತ್ತಾರೆ, ಕೊನೆಗೆ ಯಾರೋ ಬಂದು ತೇಪೆ ಹಾಕಿರುತ್ತಾರೆ. ಅದರ ಗುರುತೆಲ್ಲ ಕಲ್ಲಿನ ಮೇಲೆಯೇ ಇರುತ್ತದೆ. ಓದೋಕೆ ಇಟಾಲಿಯನ್ ಬರಬೇಕಾಗಿಲ್ಲ.

ಮೊದಲು ಕಣ್ಣಿಗೆ ಬೀಳುವುದು ಆಳ. ಊರ ಮಧ್ಯೆ ಲಾರ್ಗೊ ಅರ್ಜೆಂಟೀನಾ ಅಂತ ಒಂದು ಚೌಕ ಇದೆ, ನಾವು ಬಸ್ ಬದಲಾಯಿಸುತ್ತಿದ್ದ ಜಾಗ. ಸುತ್ತ ಅಂಗಡಿ, ಟ್ರಾಮ್, ಹಾರ್ನ್. ನಡುವೆ ಒಂದು ಮಹಡಿಗಿಂತ ಜಾಸ್ತಿ ಆಳದ ಗುಂಡಿ, ಅದರೊಳಗೆ ನಾಲ್ಕು ಹಳೇ ದೇವಸ್ಥಾನಗಳ ಅವಶೇಷ, ಅವುಗಳ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿರುವ ಬೆಕ್ಕುಗಳು. 1920ರ ದಶಕದ ಕೊನೆಯಲ್ಲಿ ಅಲ್ಲಿದ್ದ ಮನೆಗಳನ್ನು ಕೆಡವಿದಾಗ ಇವು ಹೊರಬಿದ್ದವು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್‌ನನ್ನು ಕೊಂದ ಸಭಾಭವನದ ಒಂದು ತುಣುಕೂ ಅದೇ ಗುಂಡಿಯ ಅಂಚಿನಲ್ಲಿದೆ. 2023ರಿಂದ ಕೆಳಗಿಳಿದು ನಡೆಯಲು ದಾರಿ ಮಾಡಿದ್ದಾರೆ, ಅದಕ್ಕೆ ಮುಂಚೆ ಹೆಚ್ಚುಕಮ್ಮಿ ಬೆಕ್ಕುಗಳದ್ದೇ ರಾಜ್ಯ.

ಇಲ್ಲಿ ಕಟ್ಟಡ ಕುಸಿದು ಕೆಳಗೆ ಹೋಗಿದ್ದಲ್ಲ, ನೆಲ ಮೇಲೆ ಬಂದಿದ್ದು. ನಮ್ಮ ಪೇಟೆಯಲ್ಲಿ ಹಳೇ ಡಾಂಬರು ಕೀಳದೆ ಮೇಲೆ ಮೇಲೆ ಹಾಕಿ ಹಾಕಿ ಮನೆಗಳ ಹೊಸಿಲು ರಸ್ತೆಗಿಂತ ತಗ್ಗಾಗಿರುತ್ತದಲ್ವಾ, ಅದನ್ನೇ ಎರಡು ಸಾವಿರ ವರ್ಷ ಮಾಡಿದರೆ ರೋಮ್ ಆಗುತ್ತದೆ. ಅಲ್ಲಿನ ಟೈಬರ್ ನದಿ ಉಕ್ಕಿದಾಗಲೆಲ್ಲ ತಗ್ಗು ಪ್ರದೇಶಕ್ಕೆ ಕೆಸರು ತಂದು ಹಾಕುತ್ತಿತ್ತು. ಈಗ ನದಿಯ ಎರಡೂ ಕಡೆ ಕಾಣುವ ಎತ್ತರದ ಗೋಡೆಗಳು 1870ರ ದೊಡ್ಡ ಪ್ರವಾಹ ಆದ ಮೇಲೆ ಕಟ್ಟಿದವು. ಬೆಂಕಿ ಬಿದ್ದ, ಕುಸಿದ ಮನೆಯ ಇಟ್ಟಿಗೆ ಮಣ್ಣನ್ನು ಹೊತ್ತು ಹೊರಗೆ ಹಾಕುವ ಗೋಜಿಗೂ ಯಾರೂ ಹೋಗುತ್ತಿರಲಿಲ್ಲ, ಮಟ್ಟ ಮಾಡಿ ಅದರ ಮೇಲೇ ಹೊಸದು ಕಟ್ಟುತ್ತಿದ್ದರು. ಇದನ್ನು ಕಣ್ಣಾರೆ ನೋಡಬೇಕೆಂದರೆ ಹಳೇ ಕಾಲದ ಕ್ರೀಡಾಂಗಣ ಕೊಲೋಸಿಯಂ ಹತ್ತಿರ ಇರುವ ಸ್ಯಾನ್ ಕ್ಲೆಮೆಂಟೆ ಚರ್ಚಿಗೆ ಹೋಗಿ. ಬೀದಿಯ ಮಟ್ಟದಲ್ಲಿರುವುದು 12ನೇ ಶತಮಾನದ ಚರ್ಚು. ಮೆಟ್ಟಿಲಿಳಿದರೆ 4ನೇ ಶತಮಾನದ ಚರ್ಚು. ಇನ್ನೂ ಇಳಿದರೆ 1ನೇ ಶತಮಾನದ ಕಟ್ಟಡಗಳು, ಮಿತ್ರ ಎಂಬ ದೇವರ ಗುಡಿ, ಎರಡು ಗೋಡೆಗಳ ಮಧ್ಯೆ ಒಂದು ಕಿರುಗಲ್ಲಿ. ಒಂದೇ ಟಿಕೆಟ್ಟಿನಲ್ಲಿ ಮೂರು ಕಾಲದ ಊರು. ಮಧ್ಯಾಹ್ನ ಊಟದ ಹೊತ್ತಲ್ಲಿ ಮುಚ್ಚುತ್ತಾರೆ, ಸಮಯ ನೋಡಿಕೊಂಡು ಹೋಗಿ.

ಟೆಸ್ಟಾಚ್ಚೊ ಅನ್ನುವ ಬಡಾವಣೆಯಲ್ಲಿ ಇನ್ನೊಂದು ವಿಚಿತ್ರ ಇದೆ. ಸುಮಾರು 35 ಮೀಟರ್ ಎತ್ತರದ ಗುಡ್ಡ, ಪೂರ್ತಿ ಒಡೆದ ಮಡಕೆಯದ್ದು. ಸ್ಪೇನ್ ಮತ್ತು ಉತ್ತರ ಆಫ್ರಿಕಾದಿಂದ ಆಲಿವ್ ಎಣ್ಣೆ ತುಂಬಿಕೊಂಡು ಬರುತ್ತಿದ್ದ ಜಾಡಿಗಳು ಎಣ್ಣೆ ಹೀರಿ ನಾರುತ್ತಿದ್ದವು, ಮತ್ತೆ ಬಳಸೋಕೆ ಬರುತ್ತಿರಲಿಲ್ಲ. ಒಡೆದು, ಸಾಲಾಗಿ ಜೋಡಿಸಿ, ವಾಸನೆಗೆ ಸುಣ್ಣ ಚೆಲ್ಲಿ ಪೇರಿಸಿದರು. ಕೆಜಿಎಫ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸಯನೈಡ್ ದಿಬ್ಬಗಳನ್ನು ನೋಡಿ ಬೆಳೆದ ಕೋಲಾರದವರಿಗೆ ಕಸದಿಂದ ಗುಡ್ಡ ಆಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಇಷ್ಟರಿಂದಲೇ ಫೋರಂ ಹೂತುಹೋಗಲಿಲ್ಲ. ಅದಕ್ಕೆ ದೊಡ್ಡ ಕಾರಣ ನೀರು.

ರೋಮ್‌ಗೆ ಹೋದ ನಮ್ಮ ಕಡೆಯವರು ಮೊದಲ ದಿನವೇ ಬೈಯುವುದು ಬೀದಿಯ ನಲ್ಲಿಗಳನ್ನು. ಊರ ತುಂಬ ಸುಮಾರು 2,500 ಕಬ್ಬಿಣದ ನಲ್ಲಿಗಳಿವೆ, ಬಾಗಿದ ಕೊಳವೆ ಮೂಗಿನ ಹಾಗಿದೆ ಅಂತ ನಾಸೋನಿ ಅನ್ನುತ್ತಾರೆ. ತಿರುಪು ಇರುವುದಿಲ್ಲ, ಹಗಲೂ ರಾತ್ರಿ ನೀರು ಹರಿಯುತ್ತಲೇ ಇರುತ್ತದೆ. ಬಾಯಿಗೆ ಬೆರಳು ಅಡ್ಡ ಹಿಡಿದರೆ ಕೊಳವೆಯ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಸಾವಿರ ಅಡಿ ಬೋರ್ ಕೊರೆಸಿಯೂ ನೀರು ಕಾಣದವರು, ಬೆಂಗಳೂರಿನ ಕೊಳಚೆ ನೀರು ಶುದ್ಧಮಾಡಿ ಕೋಲಾರದ ಕೆರೆಗೆ ಬಿಟ್ಟರೆ ಸಾಕು ಅಂತ ಕಾದವರು, ಇದನ್ನು ನೋಡಿದರೆ ಹೊಟ್ಟೆ ಉರಿಯದೆ ಇರುತ್ತದಾ? ನಮ್ಮತ್ತೆಯಂತೂ ಕಂಡ ಕಂಡ ನಲ್ಲಿಗೆ ಬಾಟಲಿ ಹಿಡಿಯುತ್ತಿದ್ದರು.

ಈ ನಲ್ಲಿಗಳು 1874ರಿಂದ ಈಚೆಯವು. ಆದರೆ ಬೆಟ್ಟದ ನೀರನ್ನು ಊರಿಗೆ ತರುವ ಅಭ್ಯಾಸ ಹಳೆಯದು. ಹಳೇ ರೋಮ್‌ಗೆ 11 ಕಾಲುವೆಗಳಿದ್ದವು. ಪಂಪು ಗಿಂಪು ಏನಿಲ್ಲ, ಹತ್ತಾರು ಕಿಲೋಮೀಟರ್ ಉದ್ದಕ್ಕೂ ಸಣ್ಣ ಇಳಿಜಾರು ಕೊಟ್ಟು ನೀರು ತಾನಾಗಿ ಹರಿದು ಬರುವಂತೆ ಮಾಡಿದ್ದರು. ತಗ್ಗು ಬಂದ ಕಡೆ ಮಾತ್ರ ಆ ಕಮಾನುಗಳ ಸಾಲು, ಉಳಿದದ್ದು ಬಹುಪಾಲು ನೆಲದಡಿ. ಕ್ರಿ.ಶ. 537ರಲ್ಲಿ ಗಾತ್ ಜನ ಊರಿಗೆ ಮುತ್ತಿಗೆ ಹಾಕಿ ಈ ಕಾಲುವೆಗಳನ್ನು ಕಡಿದರು. ಕೆಲವು ಆಮೇಲೆ ದುರಸ್ತಿಯಾದವು, ಆದರೆ ಹಳೆಯ ವೈಭವ ಮತ್ತೆ ಬರಲಿಲ್ಲ. ನೀರಿಲ್ಲದ ಗುಡ್ಡಗಳ ಮೇಲೆ ಯಾರಿರುತ್ತಾರೆ? ಜನ ನದಿಯ ತಿರುವಿಗೆ ಇಳಿದು ಬಂದರು. ಅಷ್ಟರಲ್ಲಾಗಲೇ ಸಾಮ್ರಾಜ್ಯ ಹೋಗಿತ್ತು, ಧಾನ್ಯ ಬರುವುದು ನಿಂತಿತ್ತು, ಹತ್ತು ಲಕ್ಷ ಇತ್ತೆಂದು ಅಂದಾಜು ಮಾಡುವ ಜನಸಂಖ್ಯೆ ಕೆಲವೇ ಹತ್ತು ಸಾವಿರಕ್ಕೆ ಇಳಿಯಿತು. ಗೋಡೆಯೊಳಗಿನ ಬಹುಪಾಲು ಜಾಗ ದ್ರಾಕ್ಷಿ ತೋಟ, ಹುಲ್ಲುಗಾವಲು. ಸೆನೆಟರುಗಳು ಭಾಷಣ ಬಿಗಿದ ಫೋರಂ ಸುಮಾರು 1800ರವರೆಗೆ ದನ ಮೇಯಿಸುವ ಬಯಲಾಗಿತ್ತು. ಕಂಬಗಳ ತುದಿ ಮಾತ್ರ ಮಣ್ಣಿಂದ ಮೇಲೆ ಕಾಣುತ್ತಿದ್ದವು.

ಆ 11ರಲ್ಲಿ ಒಂದು ಬದುಕಿಕೊಂಡಿತು. ಕ್ರಿ.ಪೂ. 19ರಲ್ಲಿ ತೋಡಿದ ಆಕ್ವಾ ವಿರ್ಗೊ ಹೆಚ್ಚಿನ ಭಾಗ ನೆಲದಡಿ ಇದ್ದುದರಿಂದ ಪೂರ್ತಿ ಹಾಳಾಗಲಿಲ್ಲ. ಮತ್ತೆ ಮತ್ತೆ ರಿಪೇರಿ ಕಂಡು ಇವತ್ತಿಗೂ ಟ್ರೆವಿ ಕಾರಂಜಿಗೆ ನೀರು ಕೊಡುತ್ತಿದೆ. ಜನ ಬೆನ್ನು ತಿರುಗಿಸಿ ನಾಣ್ಯ ಎಸೆಯುತ್ತಾರಲ್ಲ, ಅದೇ.

ಈಗ ನಮ್ಮ ಕಡೆಗೆ ಬನ್ನಿ. ನಂದಿ ಬೆಟ್ಟದ ಬುಡದ ಭೋಗನಂದೀಶ್ವರ ಗುಡಿಗೆ ಸಾವಿರದ ನೂರು ವರ್ಷಕ್ಕೂ ಮೇಲಾಗಿದೆ, ಆದರೂ ಯಾರೂ ಅಗೆದು ತೆಗೆದಿದ್ದಲ್ಲ. ಯಾಕೆ? ನಮ್ಮದು ಬಂಡೆ ಸೀಮೆ. ಕೆಸರು ತಂದು ಸುರಿಯುವ ದೊಡ್ಡ ನದಿ ಇಲ್ಲ, ಪಾಲಾರ್, ಪೆನ್ನಾರ್ ಇಲ್ಲೇ ಹುಟ್ಟಿದರೂ ದೊಡ್ಡದಾಗುವುದು ಗಡಿ ದಾಟಿದ ಮೇಲೆ. ಇಲ್ಲಿ ಮಳೆ ಬಂದರೆ ಮಣ್ಣು ಕೊಚ್ಚಿಕೊಂಡು ಹೋಗುವುದೇ ಹೆಚ್ಚು. ಮಣ್ಣಿನ ಗೋಡೆಯ ಹಳ್ಳಿಗಳು ಬಿದ್ದ ಕಡೆ ಹಾಳೂರು ದಿಬ್ಬ ಆಗಿರುವುದು ಉಂಟು, ಅದರ ಮಣ್ಣನ್ನೂ ರೈತರು ಗಾಡಿಯಲ್ಲಿ ಹೊಡೆದು ಹೊಲಕ್ಕೆ ಹಾಕಿಕೊಂಡಿದ್ದಾರೆ. ಹಾಗಾಗಿ ರೋಮ್‌ನಲ್ಲಿ ಕಾಲದ ಪದರಗಳು ಮೇಲೆ ಕೆಳಗೆ ಇದ್ದರೆ ನಂದಿಯಲ್ಲಿ ಅಕ್ಕಪಕ್ಕ ಇವೆ. ಒಂದು ಕಡೆ ಅರುಣಾಚಲೇಶ್ವರ, ಇನ್ನೊಂದು ಕಡೆ ಭೋಗನಂದೀಶ್ವರ, ನಡುವಿನ ಜಾಗದಲ್ಲಿ ಆಮೇಲಿನವರು ಕಟ್ಟಿದ ಉಮಾಮಹೇಶ್ವರ ಗುಡಿ ಮತ್ತು ಆ ನುಣುಪಾದ ಕಪ್ಪು ಕಂಬಗಳ ಕಲ್ಯಾಣ ಮಂಟಪ. ಸುತ್ತಿನ ಪ್ರಾಕಾರ, ಕಲ್ಯಾಣಿಗೂ ಹಲವು ಕಾಲದ ಕೈ ಸೇರಿದೆ. ಇಲ್ಲಿ ಮೆಟ್ಟಿಲು ಇಳಿಯಬೇಕಾಗಿಲ್ಲ, ಪ್ರದಕ್ಷಿಣೆ ಹಾಕಿದರೆ ಸಾಕು.

ಇನ್ನು ಕಿತ್ತುಕೊಂಡವರ ವಿಷಯ. ನಮ್ಮ ಮಾವ ಕೋಲಾರದ ಕಡೆಯವರು, ಜೀವಮಾನವೆಲ್ಲ ಮೇಸ್ತ್ರಿ ಕೆಲಸ ಮಾಡಿದವರು. ಕೊಲೋಸಿಯಂ ಮುಂದೆ ನಿಂತಾಗ ಎಲ್ಲರೂ ಮೇಲೆ ನೋಡುತ್ತಿದ್ದರೆ ಅವರು ಕಂಬದ ಹತ್ತಿರ ಹೋಗಿ ಮುಷ್ಟಿ ಗಾತ್ರದ ತೂತುಗಳನ್ನು ನೋಡುತ್ತಿದ್ದರು. ಗೋಡೆ ಪೂರ್ತಿ ಅಂಥ ತೂತುಗಳೇ. "ಏನಮ್ಮಾ, ಯುದ್ಧದಲ್ಲಿ ಗುಂಡು ಬಿದ್ದಿದ್ದಾ?" ಅಂದರು. ನಾನು ಬಾಯಿ ತೆಗೆಯುವ ಮುಂಚೆಯೇ ಬೆರಳಿಟ್ಟು ನೋಡಿ, "ಅಲ್ಲ ಅಲ್ಲ, ಎರಡು ಕಲ್ಲು ಕೂಡೋ ಜಾಗದಲ್ಲೇ ಐತಲ್ಲ. ಒಳಗೆ ಕಬ್ಬಿಣದ ಕೀಲು ಇಟ್ಟಿದ್ದರು ಅನ್ನು" ಅಂದರು.

ಅದೇ ಸರಿ. ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ ಕೊಲೋಸಿಯಂನ ದೊಡ್ಡ ಕಲ್ಲುಗಳ ಮಧ್ಯೆ ಗಾರೆ ಇಲ್ಲ. ಕಲ್ಲಿಗೆ ಕಲ್ಲು ಕೂರಿಸಿ, ಕಬ್ಬಿಣದ ಕೀಲು ಹಾಕಿ, ಸುತ್ತ ಸೀಸ ಕಾಯಿಸಿ ಸುರಿದಿದ್ದರು. ಒಟ್ಟು ಸುಮಾರು 300 ಟನ್ ಕಬ್ಬಿಣ ಇತ್ತೆಂದು ಅಂದಾಜು. ರೋಮ್ ಬಡವಾದ ಮೇಲೆ ಗಣಿಗಿಂತ ಗೋಡೆಯಿಂದ ಕಬ್ಬಿಣ ತೆಗೆಯುವುದೇ ಸುಲಭವಾಯಿತು, ಅಷ್ಟೇ. 1349ರ ಭೂಕಂಪದಲ್ಲಿ ದಕ್ಷಿಣದ ಹೊರಗೋಡೆ ಕುಸಿಯಿತು. ಆ ಕಡೆಯೇ ಯಾಕೆ ಅಂದರೆ ಅಲ್ಲಿ ಪಾಯದಡಿ ಹಳೇ ಹಳ್ಳದ ಮೆತ್ತನೆ ಮಣ್ಣಿದೆ, ಉತ್ತರಕ್ಕೆ ನೆಲ ಗಟ್ಟಿ. ಬಿದ್ದ ಕಲ್ಲು ಊರಿನ ಕ್ವಾರಿಯಾಯಿತು. 1452ರಲ್ಲಿ ಒಬ್ಬನೇ ಗುತ್ತಿಗೆದಾರ ಒಂಬತ್ತು ತಿಂಗಳಲ್ಲಿ 2,500ಕ್ಕೂ ಜಾಸ್ತಿ ಗಾಡಿ ಕಲ್ಲು ಹೊಡೆದ ಲೆಕ್ಕ ಇದೆ. ಅರಮನೆ, ಚರ್ಚು ಎಲ್ಲಕ್ಕೂ ಇಲ್ಲಿಂದಲೇ ಸಾಗಿಸಿದರು. 1749ರಲ್ಲಿ ಪೋಪ್ ಇದನ್ನು ಹುತಾತ್ಮರ ಪವಿತ್ರ ಜಾಗ ಅಂತ ಸಾರಿದ ಮೇಲೆ ಕೈ ಹಾಕುವುದು ನಿಂತಿತು.

ಕಲ್ಲು ಕದ್ದು ಇನ್ನೊಂದು ಮನೆ ಕಟ್ಟಿದರೆ ಆ ಕಲ್ಲು ಎಲ್ಲೋ ಒಂದು ಕಡೆ ಉಳಿದಿರುತ್ತದೆ. ಅದಕ್ಕಿಂತ ಅನ್ಯಾಯ ಆಗಿದ್ದು ಸುಣ್ಣದ ಗೂಡಿನಿಂದ. ಅಮೃತಶಿಲೆ ಅಂದರೆ ಒಂಥರಾ ಸುಣ್ಣಕಲ್ಲೇ. 900 ಡಿಗ್ರಿ ಹತ್ತಿರ ಕಾಯಿಸಿದರೆ ಸುಟ್ಟ ಸುಣ್ಣ ಆಗುತ್ತದೆ, ನೀರು ಹಾಕಿ ಮರಳು ಬೆರೆಸಿದರೆ ಗಾರೆ. ದೇವರ ಮೂರ್ತಿ, ಕೆತ್ತನೆಯ ಫಲಕ, ಶಾಸನ ಎಲ್ಲವನ್ನೂ ಒಡೆದು ಗೂಡಿಗೆ ಹಾಕಿದರು. ಲಾರ್ಗೊ ಅರ್ಜೆಂಟೀನಾ ಸುತ್ತಮುತ್ತ ಇಂಥ ಗೂಡುಗಳು ಎಷ್ಟಿದ್ದವೆಂದರೆ ಆ ಬಡಾವಣೆಗೆ ಸುಣ್ಣದವರ ಹೆಸರೇ ಬಿದ್ದಿತ್ತು.

ನಮ್ಮ ಗುಡಿಗಳು ಈ ವಿಷಯದಲ್ಲಿ ಪುಣ್ಯ ಮಾಡಿದ್ದವು. ಕೋಲಾರ, ಚಿಕ್ಕಬಳ್ಳಾಪುರದ ಕಲ್ಲು ಗ್ರಾನೈಟು. ಎಷ್ಟು ಸುಟ್ಟರೂ ಅದರಿಂದ ಸುಣ್ಣ ಬರುವುದಿಲ್ಲ. ಕಬ್ಬಿಣದ ಆಸೆಗೆ ಒಡೆಯೋಣವೆಂದರೆ ಹೆಚ್ಚಿನ ಕಡೆ ಕಂಬ, ತೊಲೆ, ಚಪ್ಪಡಿ ತಮ್ಮ ಭಾರದ ಮೇಲೆ ತಾವೇ ನಿಂತಿವೆ. ಆವನಿಯ ರಾಮಲಿಂಗೇಶ್ವರ ಗುಡಿಗಳ ಗುಂಪು ನೊಳಂಬರ ಕಾಲದಿಂದ ಹಾಗೇ ಕೂತಿರುವುದಕ್ಕೆ ಭಕ್ತಿಯ ಜೊತೆ ಕಲ್ಲಿನ ಮೊಂಡುತನವೂ ಕಾರಣ ಅಂತ ನನ್ನ ಅನಿಸಿಕೆ. ಹಾಗಂತ ನಮ್ಮವರೇನು ಸುಮ್ನೆ ಕೂತಿಲ್ಲ. ಊರಾಚೆಯ ಪೂಜೆ ನಿಂತ ಗುಡಿ ಸಿಕ್ಕಿದರೆ ನಿಧಿ ಇದೆ ಅಂತ ಲಿಂಗದ ಬುಡ ಅಗೆಯುವುದು, ಬಸವಣ್ಣನ ಹೊಟ್ಟೆ ಒಡೆಯುವುದು, ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು ಕುಂಕುಮ ಇಟ್ಟು ಗುಂಡಿ ತೋಡುವುದು. ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗಿರುವುದನ್ನಂತೂ ನೋಡದವರಿಲ್ಲ. ರೋಮಿನವರು ಕಬ್ಬಿಣಕ್ಕಾಗಿ ಒಡೆದರು, ಅವರಿಗೆ ಕಬ್ಬಿಣವಾದರೂ ಸಿಕ್ಕಿತು.

ಹಾಗಾದರೆ ಪೂರ್ತಿ ಉಳಿದವು ಹೇಗೆ ಉಳಿದವು? ಬಳಕೆಯಲ್ಲಿದ್ದುದರಿಂದ. 43 ಮೀಟರ್ ಅಗಲದ ಗುಮ್ಮಟ ಇರುವ ಹಳೇ ರೋಮನ್ ದೇವಸ್ಥಾನ ಪ್ಯಾಂಥಿಯನ್ ಕ್ರಿ.ಶ. 609ರಲ್ಲಿ ಚರ್ಚಾಯಿತು, ಹಾಗಾಗಿ ನಿಂತಿತು. ಆದರೂ 17ನೇ ಶತಮಾನದಲ್ಲಿ ಒಬ್ಬ ಪೋಪ್ ಅದರ ಮುಂದಿನ ಮಂಟಪದ ಕಂಚಿನ ತೊಲೆಗಳನ್ನು ಬಿಚ್ಚಿಸಿಕೊಂಡ, ಹೆಚ್ಚಿನದು ಫಿರಂಗಿಗೆ ಹೋಯಿತು. ಕ್ರೈಸ್ತನಲ್ಲದ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಕುದುರೆ ಮೇಲೆ ಕೂತ ಕಂಚಿನ ಮೂರ್ತಿ ಕರಗದೆ ಉಳಿದದ್ದು ಇನ್ನೂ ಮಜಾ: ಜನ ಅದನ್ನು ಮೊದಲ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನ್ ಅಂದುಕೊಂಡಿದ್ದರು. ಕ್ಯಾಂಪಿಡೋಲಿಯೊ ಚೌಕದಲ್ಲಿ ಈಗ ಕಾಣುವುದು ನಕಲು, ಅಸಲಿ ಪಕ್ಕದ ಮ್ಯೂಸಿಯಂ ಒಳಗಿದೆ.

ಫೋರಂನಲ್ಲಿ ಒಂದೇ ಕಟ್ಟಡ ನೋಡಲು ಸಮಯ ಇದೆ ಅಂದರೆ ನಾನು ಆಂಟೊನಿನಸ್ ಮತ್ತು ಫೌಸ್ಟಿನಾ ಗುಡಿಯ ಮುಂದೆ ನಿಲ್ಲಿಸುತ್ತೇನೆ. ಕಂಬಗಳ ಮೇಲ್ಭಾಗದಲ್ಲಿ ಓರೆಯಾಗಿ ಕೊರೆದ ಗೆರೆಗಳಿವೆ, ಹಗ್ಗ ಬಿಗಿದು ಎಳೆದು ಬೀಳಿಸಲು ನೋಡಿದ ಗುರುತು ಅನ್ನುತ್ತಾರೆ. ಬೀಳಲಿಲ್ಲ. ಕಂಬಗಳ ಹಿಂದೆ ಚರ್ಚು ಕಟ್ಟಿದ್ದಾರೆ, ಅದರ ಬಾಗಿಲು ನೆಲದಿಂದ ಹಲವು ಮೀಟರ್ ಮೇಲೆ ಗಾಳಿಯಲ್ಲಿ ನೇತಾಡುತ್ತಿದೆ, ಮೆಟ್ಟಿಲೇ ಇಲ್ಲ. ಬಾಗಿಲು ಇಟ್ಟ ಕಾಲಕ್ಕೆ ನೆಲ ಅಲ್ಲಿತ್ತು. ಆಮೇಲೆ ಅಗೆದವರು ಮಣ್ಣು ತೆಗೆದರು, ಬಾಗಿಲು ಅಲ್ಲೇ ಉಳಿಯಿತು. ಬಿಟ್ಟವರು, ಕಿತ್ತವರು, ಬಳಸಿದವರು, ಅಗೆದವರು ಎಲ್ಲರೂ ಒಂದೇ ಗೋಡೆಯ ಮೇಲೆ ಸಹಿ ಹಾಕಿದ್ದಾರೆ.

ತೇಪೆಯನ್ನು ಗುರುತಿಸುವುದು ಸುಲಭ. ಕೊಲೋಸಿಯಂನ ಹೊರಗೋಡೆ ಕೊನೆಯಾಗುವಲ್ಲಿ ಇಟ್ಟಿಗೆಯ ದೊಡ್ಡ ಆಸರೆ ಗೋಡೆಗಳಿವೆ, 19ನೇ ಶತಮಾನದ ಶುರುವಿನವು. ಪೂರ್ವದ ಕಡೆಯದನ್ನು ಹತ್ತಿರದಿಂದ ನೋಡಿ. ಕಮಾನಿನ ಕಲ್ಲುಗಳು ಜಾರಿ ಇನ್ನೇನು ಬೀಳುವಂತಿದ್ದಾಗ ಅವನ್ನು ನೇರ ಮಾಡಲು ಹೋಗದೆ, ಜಾರಿದ ಸ್ಥಿತಿಯಲ್ಲೇ ಇಟ್ಟಿಗೆ ತುಂಬಿ ನಿಲ್ಲಿಸಿಬಿಟ್ಟಿದ್ದಾರೆ. ಟೈಟಸ್ ಕಮಾನಿನಲ್ಲಿ ಹಳೆಯದು ಅಮೃತಶಿಲೆ, 1820ರ ಸುಮಾರಿಗೆ ಸೇರಿಸಿದ್ದು ಬೇಕೆಂದೇ ಬೇರೆ ಜಾತಿಯ ಕಲ್ಲು, ಕೆತ್ತನೆಯೂ ಸಾದಾ. ಹೊಸದು ಹೊಸದಾಗಿಯೇ ಕಾಣಬೇಕು ಅನ್ನುವ ಈ ಯೋಚನೆ ಸ್ಮಾರಕ ದುರಸ್ತಿ ಬಗೆಗಿನ 1964ರ ವೆನಿಸ್ ಒಪ್ಪಂದದಲ್ಲಿ ನಿಯಮವಾಯಿತು. ನಮ್ಮಲ್ಲೂ ಪುರಾತತ್ವದವರು ದುರಸ್ತಿ ಮಾಡಿದ ಗುಡಿಗಳಲ್ಲಿ ಕೆತ್ತನೆ ಮಧ್ಯೆ ಇದ್ದಕ್ಕಿದ್ದಂತೆ ಬೋಳು ಕಲ್ಲು ಬರುತ್ತದೆ. ಸೋಮಾರಿತನ ಅಂತ ಬೈಯಬೇಡಿ, ಅದು ಪ್ರಾಮಾಣಿಕತೆ. ಬೈಯಬೇಕಾದ್ದು ಜೀರ್ಣೋದ್ಧಾರ ಅಂತ ಸಾವಿರ ವರ್ಷದ ಕಂಬಕ್ಕೆ ಎನಾಮೆಲ್ ಪೇಂಟ್ ಹೊಡೆದು, ಗರ್ಭಗುಡಿಗೆ ಬಾತ್‌ರೂಂ ಟೈಲ್ಸ್ ಹಾಕಿಸಿ, ದಾನಿಗಳ ಹೆಸರು ದೇವರಿಗಿಂತ ದೊಡ್ಡದಾಗಿ ಬರೆಸುವುದಕ್ಕೆ. ಪೂಜೆ ನಡೆಯುವ ಗುಡಿ ಬದಲಾಗುತ್ತಲೇ ಇರುತ್ತದೆ, ಒಪ್ಪೋಣ. ಪ್ಯಾಂಥಿಯನ್ ಒಳಗೂ ರಾಜರ ಸಮಾಧಿಗಳಿವೆ. ಆದರೂ ಟೈಲ್ಸ್?

ಇಂಥ ಊರಲ್ಲಿ ದಿನಾ ಬದುಕುವುದು ಪ್ರವಾಸಿಗಳಿಗೆ ಕಾಣುವಷ್ಟು ಚೆಂದ ಏನಲ್ಲ. ಗ್ಯಾಸ್ ಪೈಪಿಗೆ ರಸ್ತೆ ಅಗೆದರೂ ಪಕ್ಕದಲ್ಲಿ ಪುರಾತತ್ವದವರು ನಿಂತಿರುತ್ತಾರೆ. ಏನಾದರೂ ಸಿಕ್ಕಿತೋ, ಕೆಲಸ ನಿಂತಿತು, ಬಸ್ಸು ಸುತ್ತಿಕೊಂಡು ಹೋಗಬೇಕು. ಮೆಟ್ರೋದ ಮೂರನೇ ಮಾರ್ಗ ವರ್ಷಗಟ್ಟಲೆ ತಡವಾಗಿದ್ದಕ್ಕೆ ಇದೂ ಒಂದು ಕಾರಣ. 2018ರಲ್ಲಿ ತೆರೆದ ಸ್ಯಾನ್ ಜೊವಾನಿ ನಿಲ್ದಾಣದಲ್ಲಿ ಅಗೆಯುವಾಗ ಸಿಕ್ಕ ವಸ್ತುಗಳನ್ನು ಅಲ್ಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಮೆಟ್ರೋ ಟಿಕೆಟ್ಟಿಗೇ ಮ್ಯೂಸಿಯಂ. ನಮ್ಮಲ್ಲಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು, ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ. ಮನೆ ಪಕ್ಕ ಗುಡಿ ಇರುವವರ ಗೋಳು ಎರಡೂ ದೇಶದಲ್ಲಿ ಒಂದೇ.

ಹೊರಡುವವರಿಗೆ ಎರಡು ಮಾತು. ಕೊಲೋಸಿಯಂ ಟಿಕೆಟ್ಟಿನಲ್ಲಿ ಹೆಸರು ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹಾಕಿ. ನಮ್ಮವರ ಇನಿಷಿಯಲ್ಲು ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಹಾಗೇ ಇರುತ್ತದೆ, ಗೇಟಿನಲ್ಲಿ ಸುಮ್ನೆ ತಕರಾರು ಯಾಕೆ? ರಸ್ತೆಗೆ ಹಾಸಿರುವ ಕಪ್ಪು ಕಲ್ಲುಗಳ ಮೇಲೆ ಹೀಲ್ಸ್ ಚಪ್ಪಲಿ ನಡೆಯುವುದಿಲ್ಲ, ಸೀರೆಗೂ ಶೂ ಹಾಕಿಕೊಳ್ಳಿ, ಯಾರೂ ನೋಡುವುದಿಲ್ಲ.

ತಿಂಗಳ ಮೊದಲ ಭಾನುವಾರ ಸರ್ಕಾರಿ ಸ್ಮಾರಕಗಳು ಉಚಿತ. ಆ ದಿನ ಕೊಲೋಸಿಯಂ ಕಡೆ ತಲೆ ಹಾಕಬೇಡಿ, ಸಾಲು ಕರಗುವುದಿಲ್ಲ. ಪಿರಮಿಡೆ ಮೆಟ್ರೋ ಪಕ್ಕದ ಸ್ಟೇಷನ್ನಿಂದ ಅರ್ಧ ಗಂಟೆ ರೈಲಿನಲ್ಲಿ ಓಸ್ಟಿಯಾ ಆಂಟಿಕಾಗೆ ಹೋಗಿ. ರೋಮ್‌ನ ಹಳೇ ಬಂದರು, ಜನ ಬಿಟ್ಟುಹೋದ ಮೇಲೆ ಟೈಬರಿನ ಕೆಸರು ಮುಚ್ಚಿಟ್ಟ ಊರು. ಇಲ್ಲಿ ಚಕ್ರವರ್ತಿಗಳ ಗಲಾಟೆ ಕಡಿಮೆ. ಇಟ್ಟಿಗೆಯ ಅಪಾರ್ಟ್‌ಮೆಂಟುಗಳಿವೆ, ಸಾಲಾಗಿ ಕೂರುವ ಸಾರ್ವಜನಿಕ ಶೌಚಾಲಯ ಇದೆ, ಗೋಡೆಯಲ್ಲಿ ತಿಂಡಿಯ ಚಿತ್ರ ಬರೆದ ಒಂದು ಹೋಟೆಲ್ ಇದೆ, ಅಮೃತಶಿಲೆಯ ಕೌಂಟರ್ ಸಮೇತ. ಹಿಟ್ಟಿನ ಗಿರಣಿಯಲ್ಲಿ ಕತ್ತೆ ಕಟ್ಟಿ ತಿರುಗಿಸುತ್ತಿದ್ದ ಕಪ್ಪು ಬೀಸುವ ಕಲ್ಲುಗಳು ಸಾಲಾಗಿ ನಿಂತಿವೆ, ರಾಗಿ ಬೀಸಿದ ಕೈಗಳಿಗೆ ಅದು ಏನಂತ ಯಾರೂ ಹೇಳಬೇಕಾಗಿಲ್ಲ. ಒಳಗೆ ನೆರಳು ಕಡಿಮೆ, ನಡೆಯುವುದು ಜಾಸ್ತಿ. ಚಿತ್ರಾನ್ನ ಕಟ್ಟಿಕೊಳ್ಳಿ, ಟೋಪಿ ಮರೆಯಬೇಡಿ, ಬೆಳಗ್ಗೆಯೇ ಹೊರಡಿ.